ಮಾಸ್ಟರ್ ಹೇಳಿದ್ದು, ನಾನು ಹೇಳಿದ್ದು

ಆ ಡಾಕ್ಟರಮ್ಮ ಹೋಟೆಲ್ ಮಾಲೀಕರನ್ನು ಕೋಣೆಯಿಂದ ಹೊರಗೆ ಕಳಿಸದೆ ಇದ್ದಿದ್ದರೆ ನನಗೂ ಈ ವಿಷಯಕ್ಕೂ ಸಂಬಂಧವೇ ಬರುತ್ತಿರಲಿಲ್ಲ.

ಚೆನ್ನೈಯ ತಾಂಬರಂ ಸ್ಟೇಷನ್ನಿನ ಪಶ್ಚಿಮ ಬದಿಯಲ್ಲಿ, ಮಾರ್ಕೆಟ್ಟಿಗೆ ತಿರುಗುವ ಬೀದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲಿದೆ. ಮಾಲೀಕರು ಉಡುಪಿ ಕಡೆಯವರು. ಅಲ್ಲಿ ಕೆಲಸ ಮಾಡುವವರಲ್ಲೂ ಅರ್ಧ ಜನ ಆ ಕರಾವಳಿಯವರೇ. ನಾನು ಮೌಂಟ್ ರೋಡಿನ ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಷ್ಟು ಕಾಲವೂ ಸಂಜೆ ಎಲೆಕ್ಟ್ರಿಕ್ ಟ್ರೈನಿನಿಂದ ಇಳಿದು, ಮನೆಗೆ ಹೋಗಿ ಒಲೆ ಹಚ್ಚುವ ಮೊದಲು, ಅಲ್ಲಿ ಕೂತು ಒಂದು ಕಾಫಿ ಕುಡಿಯುತ್ತಿದ್ದೆ. ಹಸಿವಿದ್ದ ದಿನ ಒಂದು ದೋಸೆ. ನಿವೃತ್ತಿಯಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಕನ್ನಡ ಮಾತಾಡಲು ಮನೆಯ ಹೊರಗೆ ನನಗಿದ್ದದ್ದು ಅದೊಂದೇ ಜಾಗ.

ಕಾವಲಿಯ ಮುಂದೆ ನಿಲ್ಲುತ್ತಿದ್ದವರನ್ನು ಎಲ್ಲರೂ ಮಾಸ್ಟರ್ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಕುಂದಾಪುರದ ಆಚೆಯ ಒಂದು ಹಳ್ಳಿಯವರು, ವಯಸ್ಸು ನಲವತ್ತರ ಮೇಲೆ ಒಂದೆರಡು. ಅವರ ಕೈಯ ದೋಸೆಗಾಗಿ ಪೆರುಂಗಳತ್ತೂರಿನಿಂದ ಟ್ರೈನು ಹತ್ತಿ ಬರುವ ಜನ ಇದ್ದರು. ಮಾತು ಕಮ್ಮಿ. ಅವರು ಕುಡಿಯುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ಕೆಲವು ವಾರ ಅವರು ಕಾವಲಿಯ ಮುಂದೆ ಇರುತ್ತಿರಲಿಲ್ಲ. ಕೇಳಿದರೆ ಸಪ್ಲೈಯರುಗಳು ಹೆಬ್ಬೆರಳನ್ನು ಬಾಯಿಯ ಕಡೆಗೆ ಎತ್ತಿ ತೋರಿಸುತ್ತಿದ್ದರು.

ಒಂದು ಸಂಜೆ ಮಾಲೀಕರು ಗಲ್ಲಾ ಬಿಟ್ಟು ಬಂದು ನನ್ನ ಮೇಜಿನ ಎದುರಿಗೆ ಕೂತರು. ಅವರು ಹಾಗೆ ಕೂತದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

"ಅಮ್ಮ, ಒಂದು ಉಪಕಾರ ಆಗ್ಬೇಕಿತ್ತು ನಿಮ್ಮಿಂದ. ನಮ್ಮ ಮಾಸ್ಟರನ್ನು ಕುಡಿತ ಬಿಡಿಸ್ಲಿಕ್ಕೆ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಆ ಡಾಕ್ಟರಮ್ಮ ನನ್ನನ್ನೇ ಹೊರಗೆ ಕೂರ್ಸಿದ್ರು ಮಾರಾಯ್ರೆ. ಸಂಬಳ ಕೊಡುವವನ ಎದುರು ಅವನು ಬಾಯಿ ಬಿಡುದಿಲ್ಲ ಅಂತೆ. ಕನ್ನಡ ಗೊತ್ತಿರುವ ಬೇರೆ ಯಾರನ್ನಾದ್ರೂ ಕರ್ಕೊಂಡು ಬನ್ನಿ ಅಂದ್ರು."

"ಅವರಿಗೆ ತಮಿಳು ಬರತ್ತಲ್ಲ?"

"ಬರ್ತದೆ. ಎರಡು ಮಸಾಲೆ, ಒಂದು ಆನಿಯನ್, ಎಣ್ಣೆ ಕಮ್ಮಿ. ಅಷ್ಟು ಬರ್ತದೆ. ಹೊಟ್ಟೆಯೊಳಗಿನ ಮಾತು ಹೇಳ್ಲಿಕ್ಕೆ ಅದು ಎಲ್ಲಿಗೆ ಸಾಕು?"

ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗ ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು ಎಂದು ಹೇಳಿಬಿಡುತ್ತೇನೆ. ನಮ್ಮದು ಮೂರು ತಲೆಮಾರಿನಿಂದ ಈ ಊರಿನಲ್ಲಿರುವ ಮಾಧ್ವರ ಮನೆ. ನಾನು ಹುಟ್ಟಿದ್ದು ತಿರುವಲ್ಲಿಕ್ಕೇಣಿಯಲ್ಲಿ. ಮನೆಯಲ್ಲಿ ಕನ್ನಡವೇ, ಆದರೆ ಅದು ತಮಿಳಿನ ನೀರು ಕುಡಿದು ಬೆಳೆದ ಕನ್ನಡ. ನನ್ನ ಮೊಮ್ಮಗಳು ನಾನು ಹೇಳಿದ್ದೆಲ್ಲ ಅರ್ಥ ಮಾಡಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಅಂಥ ಮನೆಯ ನನ್ನನ್ನು ಒಬ್ಬರು 'ಕನ್ನಡ ಗೊತ್ತಿರುವವರು' ಎಂದು ಹುಡುಕಿಕೊಂಡು ಬಂದಿದ್ದರು.

ಮುಂದಿನ ಸೋಮವಾರ ನಾನೂ ಮಾಸ್ಟರೂ ಬೆಳಗಿನ ಟ್ರೈನಿನಲ್ಲಿ ಹೊರಟೆವು. ಕಾವಲಿಯ ಆ ಬದಿಯಲ್ಲಿ ಮಾತ್ರ ನೋಡಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡಾಗ ಅವರು ಎಷ್ಟು ಸಣಕಲು ಎಂಬುದು ಕಂಡಿತು. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಬೆಳಗ್ಗೆ ಕುಡಿದಿರಲಿಲ್ಲವೆಂದು ಕಾಣುತ್ತದೆ, ಕೈ ಎಷ್ಟು ನಡುಗುತ್ತಿತ್ತೆಂದರೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

ಡಾಕ್ಟರು ನನ್ನ ಮಗಳಿಗಿಂತ ಚಿಕ್ಕವರು. ನನಗೆ ಕುರ್ಚಿ ತೋರಿಸಿ ತಮಿಳಿನಲ್ಲಿ ಹೇಳಿದರು: "ಅಮ್ಮಾ, ನಾನು ಕೇಳಿದ್ದನ್ನು ಅವರಿಗೆ ಹೇಳಿ, ಅವರು ಹೇಳಿದ್ದನ್ನು ನನಗೆ ಹೇಳಿ. ಅಷ್ಟೇ."

ಅಷ್ಟೇ ಎಂದು ಅವರು ಅಂದದ್ದನ್ನು ನಾನು ಸುಲಭ ಎಂದು ತಿಳಿದುಕೊಂಡೆ.

ಮೊದಲಿಗೆ ಎಲ್ಲ ಸರಿಯಾಗಿಯೇ ಹೋಯಿತು. ಎಷ್ಟು ವರ್ಷದಿಂದ ಕುಡಿಯುತ್ತಾರೆ, ದಿನಕ್ಕೆ ಎಷ್ಟು, ಕೊನೆಯ ಬಾರಿ ಯಾವಾಗ. ಅವರ ಕುಂದಾಪುರದ ಮಾತು ನನಗೆ ಪೂರ್ತಿ ಹಿಡಿಯುತ್ತಿರಲಿಲ್ಲ. ಪದದ ಬಾಲವನ್ನೆಲ್ಲ ಅವರು ನುಂಗಿಬಿಡುತ್ತಿದ್ದರು. ಮತ್ತೊಮ್ಮೆ ಹೇಳಿ ಎಂದು ಎರಡು ಸಲ ಕೇಳಿದೆ. ಮೂರನೆಯ ಸಲ ಕೇಳಲು ನಾಚಿಕೆಯಾಯಿತು. ಕನ್ನಡದವಳೆಂದು ಕರೆಸಿಕೊಂಡು ಬಂದು ಕೂತು, ಅರ್ಥವಾಗಲಿಲ್ಲ ಎನ್ನುವುದು ಹೇಗೆ?

ಆಮೇಲೆ ಡಾಕ್ಟರು ಕೇಳಿದರು: "ಹತ್ತಿರದಲ್ಲಿ ಯಾರೂ ಇಲ್ಲದಾಗ ಯಾರೋ ಮಾತಾಡುವ ಹಾಗೆ ಕೇಳಿಸುತ್ತದಾ?"

ಇದು ಹುಚ್ಚರನ್ನು ಕೇಳುವ ಪ್ರಶ್ನೆ ಎಂದು ನನಗೆ ಅನ್ನಿಸಿತು. ಇಷ್ಟು ವರ್ಷ ನನಗೆ ದೋಸೆ ಹಾಕಿಕೊಟ್ಟ ಮನುಷ್ಯ, ಇಸ್ತ್ರಿಯ ಶರ್ಟು ಹಾಕಿಕೊಂಡು ಬಂದಿದ್ದಾರೆ. ಅವರ ಮುಖ ನೋಡಿಕೊಂಡು ಹಾಗೆ ಕೇಳಲು ನನ್ನ ನಾಲಗೆ ಹೊರಳಲಿಲ್ಲ.

"ಮಾಸ್ಟರ್, ಕಿವಿಯೆಲ್ಲ ಸರಿಯಾಗಿದೆಯಾ? ಗುಯ್ ಅಂತ ಸದ್ದು ಗಿದ್ದು ಏನಾದ್ರೂ?" ಎಂದು ಕೇಳಿದೆ.

"ಕಿವಿ ಸಮ ಇತ್ತ್ ಅಮ್ಮ," ಎಂದರು ಅವರು, ಕಿವಿ ಸರಿಯಾಗಿಯೇ ಇದೆ ಎಂಬ ಅರ್ಥದಲ್ಲಿ.

"ಇಲ್ಲವಂತೆ," ಎಂದು ನಾನು ಡಾಕ್ಟರಿಗೆ ಹೇಳಿದೆ.

"ಕುಡಿದರೆ ಏನಾಗುತ್ತದೆ? ಏಕೆ ಕುಡಿಯಬೇಕು ಅನ್ನಿಸುತ್ತದೆ?"

ಇದನ್ನು ಸರಿಯಾಗಿಯೇ ಕೇಳಿದೆ. ಮಾಸ್ಟರ್ ಬಾಗಿಲು ಮುಚ್ಚಿದೆಯಾ ಎಂದು ಒಮ್ಮೆ ತಿರುಗಿ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಕುಡದ್ರೆ ಅವ್ರ್ ಸುಮ್ನಾತ್ರ್ ಅಮ್ಮ," ಎಂದರು.

ಅವರು ಸುಮ್ಮನಾಗುತ್ತಾರೆ. ಯಾರು? ನಾನು ಕೇಳಲಿಲ್ಲ. ಕುಡಿಯುವವರೆಲ್ಲ ಹೇಳುವುದು ಒಂದೇ, ಮನಸ್ಸಿನ ಭಾರ ಇಳಿಯುತ್ತದೆ ಅಂತ. ಇವರೂ ಅದನ್ನೇ ತಮ್ಮ ಊರಿನ ರೀತಿಯಲ್ಲಿ ಹೇಳುತ್ತಿದ್ದಾರೆ ಎಂದುಕೊಂಡೆ. "ಕುಡಿಚ್ಚಾ ಮನಸು ಅಮೈದಿಯಾಯಿಡುದಾಂ," ಎಂದು ಅಚ್ಚುಕಟ್ಟಾಗಿ ತಮಿಳು ಮಾಡಿದೆ. ಕುಡಿದರೆ ಮನಸ್ಸಿಗೆ ಶಾಂತಿಯಂತೆ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಒಮ್ಮೆಲೇ ಕುಡಿತ ನಿಲ್ಲಿಸಬಾರದು, ಫಿಟ್ಸ್ ಬರಬಹುದು, ವಾರ್ಡಿನಲ್ಲಿ ಹಾಸಿಗೆ ನೋಡಿ ಸೇರಿಸಿಕೊಳ್ಳುತ್ತೇನೆ ಎಂದು ಹೇಳಿ, ಸದ್ಯಕ್ಕೆ ಮಾತ್ರೆ ಬರೆದು, ಗುರುವಾರ ಮತ್ತೆ ಬರಲು ಹೇಳಿದರು.

ಹಿಂದಿರುಗುವಾಗ ಮಾಸ್ಟರ್ ಮುಖದಲ್ಲಿ ಏನೋ ಭಾರ ಇಳಿಸಿದ ಹಾಗಿತ್ತು. ನನಗೂ ಸಂತೋಷವಾಯಿತು. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ.

ಗುರುವಾರ ಹೊರರೋಗಿಗಳ ವಿಭಾಗದಲ್ಲಿ ಜನ ಕಿಕ್ಕಿರಿದಿದ್ದರು. ಗೋಡೆಯ ಪಕ್ಕದ ಬೆಂಚಿನಲ್ಲಿ ಜಾಗ ಸಿಕ್ಕಿತು. ನಾನು ಅವರ ಬಲಗಡೆ ಕೂತು, "ಉಕ್ಕಾರ್ಕೊಳ್ಳಿ ಮಾಸ್ಟರ್, ಟೋಕನ್ ಬರಕ್ಕೆ ಇನ್ನೂ ಹೊತ್ತಿದೆ," ಎಂದೆ. ಕೂತ್ಕೊಳ್ಳಿ ಎನ್ನುವಲ್ಲಿ ಬಂದ ನನ್ನ ಈ ತಮಿಳುಗನ್ನಡ ಕೇಳಿ ಅವರು ಮೊದಲ ಸಲ ನಕ್ಕರು. ಕೂತವರು ಕೂಡಲೇ ಎದ್ದು ನಿಂತು, "ಅಮ್ಮ, ನೀವ್ ಈಚೆ ಬದಿ ಕೂಕಂಬ್ರ್ಯಾ?" ಎಂದು ಎಡಗಡೆ ತೋರಿಸಿದರು.

"ಯಾಕೆ?"

"ಆ ಬದಿಯಂಗೆ ಅವ್ರ್ ಮಾತಾಡ್ತ್ರ್. ನೀವ್ ಹೇಳುದ್ ನಂಗೆ ಕೇಂತಿಲ್ಲೆ."

ಬೆಂಚಿನ ಆ ಕಡೆ ಬರೀ ಗೋಡೆ. ಗೋಡೆಯ ಮೇಲೆ ಕೈ ತೊಳೆಯುವ ಕ್ರಮದ ಚಿತ್ರ.

"ಯಾರು ಮಾಸ್ಟರ್? ಅವರು ಅಂದ್ರೆ ಯಾರು?"

ಅವರು ನನ್ನನ್ನೇ ನೋಡಿದರು. "ಒಬ್ಬ ಗಂಡ್ಸ್, ಒಬ್ಳ್ ಹೆಂಗ್ಸ್. ನಾನ್ ಅವತ್ತೇ ಹೇಳಿದ್ನಲೆ ಅಮ್ಮ, ಕುಡದ್ರೆ ಅವ್ರ್ ಸುಮ್ನಾತ್ರ್ ಅಂದೇಳಿ. ನೀವ್ ಡಾಕ್ಟ್ರಿಗೆ ಹೇಳಿದ್ರಿ ಅಲ್ದಾ?"

ಅವರು ಬದುಕಿನ ಅತಿ ದೊಡ್ಡ ಗುಟ್ಟನ್ನು ನನ್ನ ಕೈಗೆ ಕೊಟ್ಟಿದ್ದರು. ಡಾಕ್ಟರಿಗೆ ತಲುಪಿತು ಎಂದು ಮೂರು ದಿನ ನಂಬಿಕೊಂಡು ಇದ್ದರು. ಸೋಮವಾರ ಟ್ರೈನಿನಲ್ಲಿ ಅವರ ಮುಖದಲ್ಲಿ ಕಂಡ ನೆಮ್ಮದಿ ಅದೇ. ನಾನು ಅದನ್ನು ದಾರಿಯಲ್ಲೇ ಬೀಳಿಸಿ ಬಂದಿದ್ದೆ.

"ಇಲ್ಲ ಮಾಸ್ಟರ್. ಹೇಳ್ಲಿಲ್ಲ. ನನಗೆ ಸರಿಯಾಗಿ ಅರ್ಥ ಆಗ್ಲಿಲ್ಲ, ನಾನೇ ಏನೋ ಒಂದು ಹೇಳ್ಬಿಟ್ಟೆ. ತಪ್ಪಾಯ್ತು. ಈಗ ಹೇಳ್ತೀನಿ."

ಅವರು ಬಯ್ಯಲಿಲ್ಲ. "ಹಾಂಗಾರೆ ಅವ್ರಿಗೆ ಗೊತ್ತೇ ಇಲ್ಲ್ಯಾ?" ಎಂದು ಮಾತ್ರ ಕೇಳಿದರು. ಆ ಪ್ರಶ್ನೆಯಲ್ಲಿ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಿತ್ತು. ಆಮೇಲೆ ತಿಳಿಯಿತು, ಇದೆಲ್ಲ ಡಾಕ್ಟರಿಗೆ ಗೊತ್ತಾಗಿಯೂ ಅವರು ಏನೂ ಅನ್ನದೆ ಕುಡಿತದ ಮಾತ್ರೆ ಮಾತ್ರ ಕೊಟ್ಟರಲ್ಲ, ಹಾಗಾದರೆ ಇದಕ್ಕೆ ಮದ್ದಿಲ್ಲ ಎಂದು ಮಾಸ್ಟರ್ ಬರಬರುತ್ತ ತೀರ್ಮಾನಿಸಿಬಿಟ್ಟಿದ್ದರಂತೆ.

ಒಳಗೆ ಹೋದ ಕೂಡಲೇ ಕೂರುವ ಮೊದಲೇ ನಾನು ಎಲ್ಲವನ್ನೂ ಡಾಕ್ಟರಿಗೆ ಹೇಳಿದೆ. ಕಿವಿಯ ಪ್ರಶ್ನೆಯನ್ನು ತಿರುಚಿದ್ದು, 'ಅವರು' ಎಂಬುದನ್ನು 'ಮನಸ್ಸು' ಮಾಡಿದ್ದು. ಅಷ್ಟು ವರ್ಷ ಕಚೇರಿಯಲ್ಲಿ ಯಾರ ಮುಂದೆಯೂ ನಿಂತು ತಪ್ಪೊಪ್ಪಿಕೊಂಡವಳಲ್ಲ ನಾನು. ಆ ಹುಡುಗಿ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡಳು. ಹುಡುಗಿ ಎಂದೆ, ಆದರೆ ಆ ಕ್ಷಣದಲ್ಲಿ ನನಗಿಂತ ಹಿರಿಯಳಂತೆ ಇದ್ದಳು.

"ಅಮ್ಮಾ, ನೀವು ಅವರ ಮರ್ಯಾದೆ ಉಳಿಸಲು ಹೋದಿರಿ. ಅರ್ಥವಾಗುತ್ತದೆ. ಆದರೆ ಇಲ್ಲಿ ಮರ್ಯಾದೆ ಉಳಿಯುವುದು ಅವರ ಮಾತು ಹಾಗೇ ನನ್ನವರೆಗೆ ಬಂದರೆ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದೇ ಹೇಳಿ. ಹತ್ತು ಸಲ ಕೇಳೋಣ, ಏನಾಗುತ್ತದೆ?"

ಆ ದಿನ ನಾವು ಹೆಚ್ಚುಕಡಿಮೆ ಒಂದು ಗಂಟೆ ಕೂತೆವು. ನಾನು ಒಂದು ಪದವನ್ನೂ ತಿದ್ದಲಿಲ್ಲ. ಅರ್ಥವಾಗದ್ದನ್ನು ಕೇಳಿದೆ, ಮತ್ತೆ ಕೇಳಿದೆ.

ಆ ಗಂಡಸು ಹೆಂಗಸಿನ ದನಿ ಮೊದಲು ಕೇಳಿಸಿದ್ದು ಅವರಿಗೆ ಇಪ್ಪತ್ತೈದು ವರ್ಷವಾಗಿದ್ದಾಗ. ಆಗಿನ್ನೂ ಅವರು ಒಂದು ತೊಟ್ಟು ಕುಡಿದವರಲ್ಲ. ಇಬ್ಬರೂ ಇವರ ಹತ್ತಿರ ಮಾತಾಡುವುದಿಲ್ಲ, ಇವರ ಬಗ್ಗೆ ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ. ದೋಸೆ ಹಾಕುವಾಗ ಬೆನ್ನ ಹಿಂದೆ ನಿಂತು ಒಬ್ಬರಿಗೊಬ್ಬರು ಹೇಳುತ್ತಾರೆ: "ಕಾಣ್, ಹಿಟ್ಟ್ ಹೊಯ್ತಾ. ಕಾಣ್, ಇದನ್ನೂ ಸುಟ್ಟ್ ಹಾಕ್ತಾ. ಇವನ ಕೈಯಗೆ ಎಂತ ಆತ್ತ್?" ದಿನಕ್ಕೆ ಮುನ್ನೂರು ದೋಸೆ, ಒಂದೊಂದಕ್ಕೂ ಈ ಮಾತು.

"ತಮಿಳಿನಲ್ಲಾ, ಕನ್ನಡದಲ್ಲಾ?" ಎಂದು ಡಾಕ್ಟರು ಕೇಳಿದರು.

"ನಮ್ಮೂರ್ ಭಾಷೆಯಂಗೇ," ಎಂದರು ಮಾಸ್ಟರ್. "ಹದಿನಾಲ್ಕ್ ವರ್ಷ ಆಯ್ತ್ ನಾನ್ ಇಲ್ಲಿಗ್ ಬಂದ್. ಅವ್ರ್ ಒಂದ್ ಅಕ್ಷರ ತಮಿಳ್ ಕಲೀಲಿಲ್ಲೆ."

ನಾನು ಇದನ್ನು ತಮಿಳಿನಲ್ಲಿ ಹೇಳಿದಾಗ ಡಾಕ್ಟರಿಗೆ ನಗು ಬಂತು. ಮಾಸ್ಟರಿಗೂ ಬಂತು. ಆ ಕೋಣೆಯಲ್ಲಿ ಆ ಇಬ್ಬರ ಬಗ್ಗೆ ಯಾರಾದರೂ ನಗಬಹುದು ಎಂದು ನಾನು ಎಣಿಸಿರಲಿಲ್ಲ.

ಊರಿನಲ್ಲಿ ಹಿಂದೆ ಒಬ್ಬ ಡಾಕ್ಟರು ಮಾತ್ರೆ ಕೊಟ್ಟಿದ್ದರಂತೆ, ದನಿ ಸ್ವಲ್ಪ ಇಳಿದಿತ್ತು. ಚೆನ್ನೈಗೆ ಬಂದ ಮೇಲೆ ಮಾತ್ರೆ ಹಿಂದೆಮುಂದಾಯಿತು. ಜೊತೆಯವರು ಒಂದು ಭಾನುವಾರ ಕುಡಿಸಿದರು. ಎರಡು ಗ್ಲಾಸಿಗೆ ಆ ಇಬ್ಬರೂ ಬಾಯಿ ಮುಚ್ಚಿದರು. ಮರುದಿನ ಬೆಳಗ್ಗೆ ಎರಡರಷ್ಟು ಜೋರಾಗಿ ಬಂದರು. ಅವರನ್ನು ಸುಮ್ಮನಾಗಿಸಲು ಮತ್ತೆ ಕುಡಿಯಬೇಕಾಯಿತು. ಹೀಗೆ ವರ್ಷಗಳು.

ಎರಡು ವರ್ಷದ ಹಿಂದೆ ಮಾಲೀಕರೇ ಅವರನ್ನು ಊರ ಹೊರಗಿನ ಒಂದು ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸಿದ್ದರು. ಅಲ್ಲಿ ಬಾಗಿಲಲ್ಲೇ ಅವರ ಚೀಲ ಶೋಧಿಸಿ, ಮಾತ್ರೆ ಕೂಡ ಒಂದು ಚಟವೇ ಎಂದು, ಇದ್ದೊಂದು ಮಾತ್ರೆಯ ಸ್ಟ್ರಿಪ್ಪನ್ನೂ ಎಸೆದರು. ಮೂರು ತಿಂಗಳು ಒಂದು ತೊಟ್ಟು ಕುಡಿಯಲಿಲ್ಲ. ದನಿ ನಿಲ್ಲಲಿಲ್ಲ, ಏರಿತು. ಇವರು ಕಿವಿ ಮುಚ್ಚಿಕೊಂಡು ಕೂಗಿದರೆ, ಕೇಂದ್ರದವರು ಕುಡಿಯಲು ಸಿಗದೆ ನಾಟಕ ಮಾಡುತ್ತಿದ್ದಾನೆ ಎಂದರು. ಹೊರಗೆ ಬಂದ ದಿನವೇ ತಾಂಬರಂ ತಲುಪುವ ಮೊದಲೇ ಕುಡಿದರು. ಆಮೇಲೆ ಒಮ್ಮೆ ಬೇರೆ ಕಡೆ ಮನೋವೈದ್ಯರ ಹತ್ತಿರ ಹೋದಾಗ, ಮೊದಲು ಕುಡಿತ ಬಿಟ್ಟು ಬಾ, ಆಮೇಲೆ ನೋಡೋಣ ಎಂದರಂತೆ.

ಡಾಕ್ಟರು ಆ ಮೂರು ತಿಂಗಳ ಬಗ್ಗೆಯೇ ಮತ್ತೆ ಮತ್ತೆ ಕೇಳಿದರು. ಕುಡಿತವೇ ಇಲ್ಲದೆ ಮೂರು ತಿಂಗಳೂ ದನಿ ಇತ್ತಾ? ಪ್ರತಿದಿನವಾ? ಕೊನೆಗೆ ಪೆನ್ನು ಮುಚ್ಚಿ ನನಗೆ ಹೇಳಿದರು: "ಇದನ್ನು ನಿಧಾನವಾಗಿ ಅವರಿಗೆ ಹೇಳಿ. ನಿಮಗೆ ಎರಡು ಕಾಯಿಲೆ ಇದೆ. ದನಿ ಬರುವುದು ಒಂದು, ಕುಡಿತ ಇನ್ನೊಂದು. ಎರಡೂ ಒಂದರ ಕೈ ಒಂದು ಹಿಡಿದುಕೊಂಡಿವೆ. ಇಷ್ಟು ದಿನ ಒಬ್ಬರು ಒಂದನ್ನು ಎಳೆದರು, ಇನ್ನೊಬ್ಬರು ಇನ್ನೊಂದನ್ನು. ಇಲ್ಲಿ ಎರಡಕ್ಕೂ ಒಟ್ಟಿಗೆ, ಒಂದೇ ಜಾಗದಲ್ಲಿ ಮದ್ದು ಮಾಡುತ್ತೇವೆ. ಮೊದಲು ಅದು ಬಿಡು, ಆಮೇಲೆ ಇದು ಅಂತ ಹೇಳುವುದಿಲ್ಲ."

ನಾನು ಹೇಳಿದೆ, ಹೇಳಿದ ಹಾಗೆಯೇ. ಮಾಸ್ಟರ್ "ಹಾಂಗಾರೆ ನಾನ್ ಬರೀ ಕುಡುಕ ಅಲ್ದಾ?" ಎಂದು ಕೇಳಿದರು.

ಅದನ್ನೂ ತಮಿಳು ಮಾಡಿದೆ. "ಬರೀ ಕುಡುಕ ಎಂಬವನನ್ನು ನಾನು ಇಷ್ಟರವರೆಗೆ ನೋಡಿಲ್ಲ," ಎಂದರು ಡಾಕ್ಟರು.

ಆ ದಿನವೇ ಅವರನ್ನು ಸೇರಿಸಿಕೊಂಡರು.

ಮಾಲೀಕರಿಗೆ ಹೇಳುವುದು ಇನ್ನೊಂದು ಕಷ್ಟವಾಯಿತು. ಹೇಳಬಹುದಾ ಎಂದು ಡಾಕ್ಟರು ಮಾಸ್ಟರನ್ನೇ ಕೇಳಿದರು. ಹೇಳಿ, ಅವರಿಗೆ ಗೊತ್ತಿರಲಿ ಎಂದರು ಇವರು. ಮಾಲೀಕರು ಕೇಳಿ ಬೇಸರಪಟ್ಟರು. "ಕುಡಿತ ಬಿಡಿಸಿ ಕೊಡಿ ಅಂತ ಕರ್ಕೊಂಡು ಬಂದ್ರೆ, ತಲೆ ಸರಿ ಇಲ್ಲ ಅಂತ ಹೇಳ್ತೀರಲ್ಲ ಅಮ್ಮ. ಕುಡುಕನನ್ನು ಇಟ್ಕೊಂಡಿದ್ದೆ, ಜನ ಏನೂ ಹೇಳ್ಲಿಲ್ಲ. ಇನ್ನು ಏನು ಹೇಳ್ತಾರೋ."

"ನೀವು ಅವರನ್ನ ಆ ಕೇಂದ್ರದಲ್ಲಿ ಬಿಟ್ಟು ಬಂದ್ರಲ್ಲ, ಒಳ್ಳೇದಕ್ಕೇ ಬಿಟ್ರಿ," ಎಂದೆ. "ನಾನೂ ಒಳ್ಳೇದಕ್ಕೇ ಮಾತು ತಿರುಗ್ಸಿದ್ದು. ಇಬ್ಬರೂ ಸೇರಿ ಅವರಿಗೆ ಎಷ್ಟು ತೊಂದರೆ ಕೊಟ್ವಿ ನೋಡಿ."

ಮರುದಿನ ಮಾಲೀಕರು ಒಂದು ಟಿಫನ್ ಕ್ಯಾರಿಯರಿನಲ್ಲಿ ಗಂಜಿ, ಉಪ್ಪಿನಕಾಯಿ ತೆಗೆದುಕೊಂಡು ತಾವೇ ವಾರ್ಡಿಗೆ ಹೋದರು.

ಮೊದಲ ಐದಾರು ದಿನ ಮಾಸ್ಟರಿಗೆ ಬಹಳ ಕಷ್ಟವಾಯಿತು. ಬೆವರು, ನಡುಕ, ಯಾವ ಊರಿನಲ್ಲಿದ್ದೇನೆ ಎಂಬುದೇ ಒಂದು ದಿನ ಮರೆತಿತ್ತು. ಆಮೇಲೆ ನಿಧಾನಕ್ಕೆ ಮುಖ ತಿಳಿಯಾಯಿತು. ಬೆಳಗ್ಗೆ ಕುಡಿತದ ಬಗ್ಗೆ ಎಲ್ಲರೂ ಸುತ್ತ ಕೂತು ಮಾತಾಡುವುದು, ಮಧ್ಯಾಹ್ನ ಒಬ್ಬರು ದನಿಗಳ ಬಗ್ಗೆ ಕೇಳುವುದು. ಆ ಇಬ್ಬರು ಬಂದಾಗ ಏನು ಮಾಡಬಹುದು, ಕುಡಿಯಬೇಕು ಅನ್ನಿಸಿದಾಗ ಏನು ಮಾಡಬಹುದು, ಎರಡನ್ನೂ ಅದೇ ಜನ ಕಲಿಸುತ್ತಿದ್ದರು. ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ. ದನಿಗಳು ಬಂದರೆ ಪಕ್ಕದವರ ಹತ್ತಿರ ಮಾತಾಡುವುದು, ಬಾಯಲ್ಲಿ ಏನಾದರೂ ಗುನುಗುವುದು ಎಂದೆಲ್ಲ ಹೇಳಿಕೊಟ್ಟಿದ್ದರು. ಇವರು ಇಡ್ಲಿ ಹಿಟ್ಟಿನ ಅಳತೆಯನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದರು. ಪಕ್ಕದ ಹಾಸಿಗೆಯ ಪೆರಂಬೂರಿನ ರೈಲ್ವೆ ಫಿಟ್ಟರಿಗೆ ಅದು ಬಾಯಿಪಾಠವೇ ಆಗಿಹೋಯಿತು. ಆಸ್ಪತ್ರೆಯ ಇಡ್ಲಿಯ ಬಗ್ಗೆ ಇಬ್ಬರೂ ಸೇರಿ ದೂರುತ್ತಿದ್ದರು.

ಎರಡನೆಯ ವಾರ ಊರಿನಿಂದ ಅವರ ಹೆಂಡತಿ ಬಂದರು. ಗಟ್ಟಿ ಹೆಂಗಸು, ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ. ಬೆರಳ ತುದಿಯೆಲ್ಲ ಕಪ್ಪು. ಗಂಡನನ್ನು ನೋಡಿ, ಹಾಸಿಗೆಯ ಚಾದರ ಎಳೆದು ಸರಿಮಾಡಿದರು. ಆಮೇಲೆ ಹೊರಗಿನ ವರಾಂಡದಲ್ಲಿ ನನ್ನನ್ನು ಕೇಳಿದರು:

"ಅಮ್ಮ, ಈ ಮಾತ್ರೆ ಎಷ್ಟ್ ದಿನ ತಿನ್ಕ್?"

"ಬಹಳ ವರ್ಷ ಬೇಕಾಗಬಹುದು ಅಂತ ಡಾಕ್ಟರು ಹೇಳಿದ್ರು. ಬಿಪಿಗೆ, ಶುಗರ್‌ಗೆ ತಗೊಳ್ಳಲ್ವಾ, ಹಾಗೆ."

"ತಿನ್ಲಿ. ಇಷ್ಟ್ ವರ್ಷ ಅದನ್ ಕುಡದ್ರಲೆ, ಇದನ್ ತಿಂಬುಕೆ ಎಂತ?" ಎಂದರು. ದನಿ ಇಳಿಸಿ, "ನಂಗೆ ಮೊದ್ಲೇ ಗೊತ್ತಿತ್ತ್. ಮದಿಯಾದ್ ಹೊಸ್ತ್ರಂಗೆ ಒಬ್ರೇ ಮಾತಾಡುದ್ ಕಂಡಿದೆ. ಯಾರಿಗೂ ಹೇಳ್ಲಿಲ್ಲೆ. ಹೇಳಿರೆ ಇವ್ರನ್ನ ಯಾರ್ ಕೆಲ್ಸಕ್ಕೆ ಇಟ್ಕಂತ್ರ್ ಅಂದೇಳಿ," ಎಂದರು.

ಮದುವೆಯಾದ ಹೊಸತರಿಂದಲೂ ಅವರಿಗೆ ಗೊತ್ತಿತ್ತು. ಮರ್ಯಾದೆ ಉಳಿಸಲು ಹೋದವಳು ನಾನೊಬ್ಬಳೇ ಅಲ್ಲ ಎಂದು ಆಗ ತಿಳಿಯಿತು. ಅವರ ಕೈ ಹಿಡಿದುಕೊಂಡೆ. ಸಿಪ್ಪೆಯ ಎಣ್ಣೆಗೆ ಸುಟ್ಟು ಒರಟಾದ ಕೈ.

ಮಾಸ್ಟರ್ ಹೊರಗೆ ಬಂದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾಲ್ಕು ತಿಂಗಳು ಚೆನ್ನಾಗಿತ್ತು. ಹೆಂಡತಿ ಊರಿಗೆ ಮರಳಿದರು. ಮಾತ್ರೆಯಿಂದ ಬೆಳಗ್ಗೆ ಮೈ ಭಾರ, ಕೈ ನಿಧಾನ. ಬೆಳಗಿನ ಹೊತ್ತು ದೋಸೆಗೆ ಜನ ಮುಗಿಬೀಳುವಾಗ ಕಾವಲಿಯ ಮುಂದೆ ನಿಧಾನದ ಕೈ ಯಾರಿಗೆ ಬೇಕು? ಸಪ್ಲೈಯರುಗಳು ಕೂಗುತ್ತಿದ್ದರು. ಅವರು ಯಾರಿಗೂ ಹೇಳದೆ ಮಾತ್ರೆಯನ್ನು ಅರ್ಧ ಮಾಡಿದರು, ಆಮೇಲೆ ಬಿಟ್ಟೇಬಿಟ್ಟರು. ಕೈ ಚುರುಕಾಯಿತು. ಮೂರು ವಾರಕ್ಕೆ ಆ ಇಬ್ಬರೂ ಬಂದು ಬೆನ್ನ ಹಿಂದೆ ನಿಂತರು. ಒಂದು ಮಧ್ಯಾಹ್ನ ನಾನು ಹೋಟೆಲಿಗೆ ಹೋದಾಗ ಕಾವಲಿಯ ಮುಂದೆ ಬೇರೆಯವರಿದ್ದರು. ಸಪ್ಲೈಯರ್ ಹೆಬ್ಬೆರಳನ್ನು ಎತ್ತಿ ತೋರಿಸಲು ಹೋಗಿ, ಯಾಕೋ ಅರ್ಧಕ್ಕೇ ಕೈ ಇಳಿಸಿದ.

ಹೋಟೆಲಿನ ಮಹಡಿಯಲ್ಲಿ ಕೆಲಸದವರ ಕೋಣೆ. ಮಾಸ್ಟರ್ ಗೋಡೆಗೆ ಮುಖ ಮಾಡಿ ಮಲಗಿದ್ದರು. ನನ್ನನ್ನು ಕಂಡು ಎದ್ದು ಕೂತು ಅತ್ತರು. "ಎಲ್ಲ ಹಾಳ್ ಮಾಡ್ದೆ ಅಮ್ಮ. ಇನ್ ಆ ಡಾಕ್ಟ್ರ್ ಮೊಕ ಹ್ಯಾಂಗ್ ಕಾಂಬುದ್?"

"ನಾನು ತಪ್ಪು ಹೇಳಿ ಅವರ ಮುಖ ನೋಡ್ಲಿಲ್ವಾ?" ಎಂದೆ. "ಏಳಿ. ಶರ್ಟ್ ಹಾಕ್ಕೊಳ್ಳಿ."

ಅವರು ಶರ್ಟು ಹಾಕಿಕೊಳ್ಳುವುದರೊಳಗೆ ಮಾಲೀಕರು ಆಟೋ ಕರೆಸಿದ್ದರು. ಈ ಸಲ ನಮ್ಮ ಜೊತೆ ಅವರೂ ಬಂದರು, ಹೊರಗೆ ಕೂರುತ್ತೇನೆ ಎಂದು ತಾವೇ ಹೇಳಿದರು.

ಡಾಕ್ಟರು ಬಯ್ಯುತ್ತಾರೆ, ಇಲ್ಲವೆ ಹೊರಗೆ ಕಳಿಸುತ್ತಾರೆ ಎಂದು ಮಾಸ್ಟರ್ ಹೆದರಿದ್ದರು. ಅವರು ಕೇಳಿದ್ದು ಒಂದೇ: "ಮಾತ್ರೆ ಏಕೆ ಬಿಟ್ಟಿರಿ?" ಕೈ ನಿಧಾನವಾಗುತ್ತದೆ ಎಂದು ನಾನು ಹೇಳಿದಾಗ, "ಇದನ್ನು ನನಗೆ ಮೊದಲೇ ಹೇಳಬಹುದಿತ್ತಲ್ಲ. ದೋಸೆ ಹಾಕುವವರಿಗೆ ಕೈಯೇ ಮುಖ್ಯ. ಬೇರೆ ಮಾತ್ರೆ ಇದೆ," ಎಂದರು. ಮತ್ತೆ ಕೆಲವು ದಿನ ವಾರ್ಡು, ಹೊಸ ಮಾತ್ರೆ. ಕುಡಿದದ್ದನ್ನು ಸೋಲು ಎಂದು ಅವರು ಒಮ್ಮೆಯೂ ಕರೆಯಲಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಅದಕ್ಕೆ ಸ್ವಲ್ಪ ಮೊದಲು ಆ ಇಬ್ಬರು ಏನು ಹೇಳುತ್ತಿದ್ದರು ಎಂದು ಮಾತ್ರ ಕೇಳಿ ಬರೆದುಕೊಂಡರು.

ಡಾಕ್ಟರು ಮಾಲೀಕರನ್ನೂ ಒಳಗೆ ಕರೆದು ಐದು ನಿಮಿಷ ಮಾತಾಡಿದರು. ಏನು ಮಾತಾಡಿದರೋ, ಮಾಸ್ಟರ್ ಹಿಂದಿರುಗಿದಾಗ ಅವರ ಕೆಲಸ ಮಧ್ಯಾಹ್ನ ಎರಡರ ಮೇಲಿನ ಪಾಳಿಗೆ ಬದಲಾಗಿತ್ತು. ಆಗ ಜನ ಕಮ್ಮಿ, ಗಲಾಟೆ ಕಮ್ಮಿ. ಬೆಳಗ್ಗೆ ಮಾತ್ರೆಯ ಮಂಪರು ಇಳಿಯುವವರೆಗೆ ನಿದ್ದೆ ಮಾಡಬಹುದು. ಮಾಲೀಕರೇ ಪ್ರತಿದಿನ ರಾತ್ರಿ ಊಟದ ನಂತರ, "ಮಾಸ್ಟರ್, ಆಯ್ತಾ?" ಎಂದು ಕೇಳುತ್ತಾರೆ. ಮಾಸ್ಟರ್ "ಆಯ್ತ್" ಎನ್ನುತ್ತಾರೆ. ಏನು ಆಯ್ತು ಎಂದು ಬೇರೆಯವರಿಗೆ ಗೊತ್ತಾಗುವುದಿಲ್ಲ.

ಆ ಎರಡನೆಯ ಸಲದ ನಂತರ ಎರಡು ವರ್ಷ ಕಳೆದಿದೆ. ನಡುವೆ ಒಮ್ಮೆ ಒಂದು ಮದುವೆಯಲ್ಲಿ ಅವರು ಕುಡಿದರು. ಮರುದಿನವೇ ಹೋಗಿ ಡಾಕ್ಟರಿಗೆ ಹೇಳಿದರು. ದನಿಗಳು ಪೂರ್ತಿ ಹೋಗಿಲ್ಲ. "ಪಕ್ಕದ ಮನಿ ರೇಡಿಯೊ ಕಣಂಗೆ ಅಮ್ಮ, ಇತ್ತ್ ಅಂದೇಳಿ ಗೊತ್ತಾತ್ತ್, ಎಂತ ಹೇಳ್ತ್ರ್ ಅಂದೇಳಿ ಕೇಣುದಿಲ್ಲೆ," ಎನ್ನುತ್ತಾರೆ. ಕಳೆದ ಬೇಸಿಗೆ ರಜೆಯಲ್ಲಿ ಹೆಂಡತಿಯೂ ಮಗಳೂ ಬಂದು ಹದಿನೈದು ದಿನ ಇದ್ದು ಹೋದರು.

ಮೊನ್ನೆ ಜೂನಿನಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಮಾಸ್ಟರ್ ನನ್ನನ್ನು ತಡೆದರು. "ಅಮ್ಮ, ಇವತ್ತ್ ನಾನೊಬ್ನೇ ಹೋಪುದಾ?" ಎಂದು ಕೇಳಿದರು. ಎರಡು ವರ್ಷದಿಂದ ನಾನು ಹೇಳುವುದನ್ನು ಕೇಳಿ ಕೇಳಿ, ಹೊಟ್ಟೆಯೊಳಗಿನ ಮಾತಿಗೆ ಬೇಕಾದ ತಮಿಳನ್ನು ಅವರು ಕಲಿತುಬಿಟ್ಟಿದ್ದರು. ನಿದ್ದೆ, ದನಿ, ಭಯ, ಆಸೆ, ಪರವಾಗಿಲ್ಲ.

"ಹೋಗಿ," ಎಂದೆ. "ಗೊತ್ತಾಗ್ದಿದ್ರೆ ನನ್ನ ಕರೀರಿ."

ಅವರು ಒಳಗೆ ಹೋದರು, ಬಾಗಿಲು ಮುಚ್ಚಿಕೊಂಡಿತು. ನಾನು ಬೆಂಚಿನ ಮೇಲೆ ಕೈ ಕಟ್ಟಿ ಕೂತೆ. ಏನು ಹೇಳುತ್ತಿದ್ದಾರೋ ಎಂಬ ಕುತೂಹಲ ಇತ್ತು, ಸ್ವಲ್ಪ ಕಸಿವಿಸಿಯೂ ಇತ್ತು. ಹತ್ತು ನಿಮಿಷವಾದರೂ ಯಾರೂ ನನ್ನನ್ನು ಕರೆಯಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹೆಂಗಸು, ತನ್ನ ಮಗನನ್ನು ಕರೆದುಕೊಂಡು ಬಂದವಳು, ತಮಿಳಿನಲ್ಲಿ ವಿಚಾರಿಸಿದಳು: "ಒಳಗೆ ಹೋದರಲ್ಲ, ಅವರು ನಿಮಗೆ ಏನಾಗಬೇಕು?"

ನಾನು ಅವರ ಹಳ್ಳಿಯನ್ನು ನೋಡಿದವಳಲ್ಲ. ಕುಂದಾಪುರಕ್ಕೆ ಯಾವ ರೈಲು ಹೋಗುತ್ತದೆ ಎಂಬುದೂ ನನಗೆ ಗೊತ್ತಿಲ್ಲ.

"ಎಂಗ ಊರುಕ್ಕಾರರು," ಎಂದೆ. ನಮ್ಮ ಊರಿನವರು.